ಹೃದಯಕ್ಕೆ ಮಾತ್ರೆ ಕೊಟ್ರಿ, ಮನಸ್ಸಿಗೆ?

‘ಹೇಗಿದ್ದೀರಾ?’ ಅಂತ ಯಾರಾದರೂ ಕೇಳಿದರೆ ನಾವು ಹೆಂಗಸರು ಏನು ಹೇಳ್ತೀವಿ? ‘ಚೆನ್ನಾಗಿದ್ದೀನಿ, ನೀವು?’ ಅಷ್ಟೇ ತಾನೆ. ಹಿಂದಿನ ರಾತ್ರಿ ಪೂರ್ತಿ ನಿದ್ದೆ ಇಲ್ಲದೆ ಹೊರಳಾಡಿದ್ದರೂ, ಬೆಳಿಗ್ಗೆ ಎದ್ದು ಒಲೆ ಹಚ್ಚೋಕೂ ಮನಸ್ಸಿಲ್ಲದಿದ್ದರೂ ಅದೇ ಉತ್ತರ. ಕೇಳಿದವರಿಗೂ ಅಷ್ಟು ಸಾಕು, ಹೇಳಿದವರಿಗೂ ಅಷ್ಟು ಸಾಕು. ಆದರೆ ಈ ‘ಚೆನ್ನಾಗಿದ್ದೀನಿ’ ಎಂಬ ಮಾತಿನ ಹಿಂದೆ ಅಡಗಿರುವ ಖಿನ್ನತೆ ಮನಸ್ಸಿಗಷ್ಟೇ ಅಲ್ಲ, ಹೃದಯಕ್ಕೂ ಕುತ್ತು ತರುತ್ತೆ ಅಂದರೆ ನಂಬ್ತೀರಾ? ನಾನೂ ನಂಬಿರಲಿಲ್ಲ. ನಮ್ಮ ಅತ್ತೆಯ ಕಾಯಿಲೆ ನಂಬಿಸಿತು.

ಮಾವ ತೀರಿಕೊಂಡ ಮೇಲೆ ಅತ್ತೆ ಮೊದಲಿನ ಹಾಗೆ ಇರಲಿಲ್ಲ. ಬೆಳಿಗ್ಗೆ ಐದಕ್ಕೇ ಎದ್ದು ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡುತ್ತಿದ್ದವರು ಏಳಾದರೂ ಹಾಸಿಗೆ ಬಿಡುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಅಕ್ಕಪಕ್ಕದವರನ್ನೆಲ್ಲ ಸೇರಿಸಿ ಹಪ್ಪಳ ಒತ್ತಿಸುತ್ತಿದ್ದವರು ‘ಯಾರಿಗೆ ಬೇಕು ಬಿಡೇ’ ಅಂದುಬಿಟ್ಟರು. ಟೀವಿ ಮುಂದೆ ಕೂರುತ್ತಿದ್ದರು, ಆದರೆ ಧಾರಾವಾಹಿಯಲ್ಲಿ ಏನಾಯ್ತು ಅಂತ ಕೇಳಿದರೆ ಗೊತ್ತಿರುತ್ತಿರಲಿಲ್ಲ. ‘ಎಷ್ಟಾದರೂ ನಲವತ್ತು ವರ್ಷದ ಸಂಸಾರ, ದುಃಖ ಇರೋದೇ’ ಅಂದುಕೊಂಡೆವು. ವರ್ಷ ಕಳೆದ ಮೇಲೆ ‘ವಯಸ್ಸಾಯ್ತಲ್ಲ’ ಅಂತ ಸಮಾಧಾನ ಮಾಡಿಕೊಂಡೆವು.

ಆಮೇಲೆ ಶುರುವಾಯಿತು ನೋಡಿ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಸಂಜೆಯ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ರಾತ್ರಿ ಒಂದು ದಿಂಬು ಹೋಗಿ ಎರಡಾಯಿತು, ಎರಡು ಮೂರಾಯಿತು. ಒಂದು ನಡುರಾತ್ರಿ ಉಸಿರು ಕಟ್ಟಿದಂತಾಗಿ ಎದ್ದು ಕೂತಾಗ ಆಸ್ಪತ್ರೆಗೆ ಓಡಿದೆವು. ಎಕೋ ಮಾಡಿದರು. ‘ಹಾರ್ಟ್ ಫೇಲ್ಯೂರ್. ಪಂಪಿಂಗ್ 35 ಇದೆ’ ಅಂದರು. ಇಪ್ಪತ್ತು ವರ್ಷದ ಬಿ.ಪಿ. ಜೊತೆಗಿತ್ತು. ಬಿ.ಪಿ. ಮಾತ್ರೆಯನ್ನು ಅತ್ತೆ ಯಾವಾಗಲೋ ಬಿಟ್ಟಿದ್ದರು ಅನ್ನೋದು ನಮಗೆ ಆಗಲೇ ಗೊತ್ತಾಗಿದ್ದು.

ಮನೆಗೆ ಕರೆತಂದ ಮೇಲೆ ನಾನು ಕಟ್ಟುನಿಟ್ಟಾದೆ. ಮಾತ್ರೆಗೆ ಡಬ್ಬಿ, ಉಪ್ಪಿಗೆ ಅಳತೆ ಚಮಚ, ಕುಡಿಯುವ ನೀರಿಗೆ ಲೆಕ್ಕ. ಎಲ್ಲ ಸರಿಯಾಗಿಯೇ ನಡೀತಿದೆ ಅಂದುಕೊಂಡಿದ್ದೆ. ಮೂರು ತಿಂಗಳಿಗೆ ಮತ್ತೆ ಕಾಲು ಊತ, ಮತ್ತೆ ಆಸ್ಪತ್ರೆ. ಅಂದು ಹಾಸಿಗೆಯ ಹೊದಿಕೆ ಬದಲಿಸುವಾಗ ದಿಂಬಿನ ಚೀಲದೊಳಗೆ ಕೈಗೆ ಸಿಕ್ಕಿದ್ದು ಒಂದು ಹಿಡಿ ಮಾತ್ರೆ! ನಾನು ಕೊಟ್ಟಿದ್ದನ್ನು ತೆಗೆದುಕೊಂಡಂತೆ ಮಾಡಿ ಅಲ್ಲಿ ಸೇರಿಸುತ್ತಿದ್ದರು. ಸಿಟ್ಟು ನೆತ್ತಿಗೇರಿತು. ‘ಇಷ್ಟೆಲ್ಲ ಮಾಡೋದು ಯಾರಿಗೋಸ್ಕರ ಅತ್ತೆ?’ ಅಂತ ವಾರ್ಡಿನಲ್ಲೇ ಕೇಳಿಬಿಟ್ಟೆ. ಅವರು ಗೋಡೆ ಕಡೆ ತಿರುಗಿ ಮಲಗಿದರು.

ಅಲ್ಲಿದ್ದ ಡ್ಯೂಟಿ ಡಾಕ್ಟರು ನನ್ನ ಅರ್ಧ ವಯಸ್ಸಿನ ಹುಡುಗಿಯಂತೆ ಕಂಡಳು. ಸ್ಟೂಲು ಎಳೆದುಕೊಂಡು ಅತ್ತೆಯ ಪಕ್ಕ ಕೂತು ಎರಡೇ ಪ್ರಶ್ನೆ ಕೇಳಿದಳು. ‘ಅಮ್ಮ, ಈ ಎರಡು ವಾರದಲ್ಲಿ ಮನಸ್ಸು ಕುಗ್ಗಿದ ಹಾಗೆ, ಯಾವ ಭರವಸೆಯೂ ಇಲ್ಲದ ಹಾಗೆ ಅನ್ನಿಸ್ತಾ ಇದೆಯಾ? ಮೊದಲು ಇಷ್ಟಪಟ್ಟು ಮಾಡ್ತಿದ್ದ ಕೆಲಸದಲ್ಲಿ ಈಗ ಆಸಕ್ತಿ ಹೋಗಿದೆಯಾ?’ ಮಾವ ಹೋದಾಗಲೂ ನಮ್ಮೆದುರು ಅಳದಿದ್ದ ಅತ್ತೆ ಅವತ್ತು ಬಿಕ್ಕಿ ಬಿಕ್ಕಿ ಅತ್ತರು. ‘ಇನ್ಯಾಕಮ್ಮ ಈ ಮಾತ್ರೆ, ಯಾರಿಗೋಸ್ಕರ’ ಅಂದರು. ನಾನು ಸಿಟ್ಟಿನಿಂದ ಕೇಳಿದ ಪ್ರಶ್ನೆಯನ್ನೇ ಅವರು ಅದೆಷ್ಟು ದಿನದಿಂದ ತಮಗೆ ತಾವೇ ಕೇಳಿಕೊಳ್ತಿದ್ದರೋ!

ಅತ್ತೆಯ ಉಪ್ಪು ಅಳೆದಿದ್ದೆ, ನೀರು ಅಳೆದಿದ್ದೆ. ಆ ಎರಡು ಪ್ರಶ್ನೆ ಮಾತ್ರ ಒಂದು ದಿನವೂ ಕೇಳಿರಲಿಲ್ಲ. ನೀವು ನಿಮ್ಮ ಮನೆಯಲ್ಲಿ ಕೇಳಲಿ ಅಂತಲೇ ಇದನ್ನು ಬರೀತಿದ್ದೀನಿ.

ಹೃದಯ ವೈಫಲ್ಯ ಅಂದರೇನು?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಹಾರ್ಟ್ ಅಟ್ಯಾಕ್ ಬೇರೆ, ಹಾರ್ಟ್ ಫೇಲ್ಯೂರ್ ಬೇರೆ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ಅದು ಅಟ್ಯಾಕ್. ಫೇಲ್ಯೂರ್ ಅಂದರೆ ಹೃದಯ ನಿಂತೇ ಹೋಯಿತು ಅಂತಲ್ಲ. ಮನೆಯ ಸಂಪಿನ ಮೋಟರ್ ನೆನಪು ಮಾಡಿಕೊಳ್ಳಿ. ಓಡುತ್ತಲೇ ಇರುತ್ತೆ, ಆದರೆ ಮೇಲಿನ ಟ್ಯಾಂಕ್ ತುಂಬಿಸುವಷ್ಟು ಶಕ್ತಿ ಇರೋಲ್ಲ. ಹಾಗೇ ಇದೂ. ದೇಹಕ್ಕೆ ಬೇಕಾದಷ್ಟು ರಕ್ತ ಮುಂದೆ ಹೋಗದೆ ಶ್ವಾಸಕೋಶದಲ್ಲಿ, ಕಾಲಲ್ಲಿ ನೀರು ತುಂಬಿಕೊಳ್ಳುತ್ತೆ. ಏದುಸಿರು, ಸುಸ್ತು, ಊತ ಬರೋದು ಇದರಿಂದಲೇ. ಬಿ.ಪಿ., ಸಕ್ಕರೆ ಕಾಯಿಲೆ, ಹಿಂದೆ ಆದ ಹಾರ್ಟ್ ಅಟ್ಯಾಕ್, ಕವಾಟದ ತೊಂದರೆ ಇವು ಮುಖ್ಯ ಕಾರಣಗಳು.

ಎಕೋದಲ್ಲಿ ಹೇಳುವ ‘ಪಂಪಿಂಗ್’ ಸಾಮಾನ್ಯವಾಗಿ 50ಕ್ಕಿಂತ ಮೇಲಿರಬೇಕು. ಹಾಗಂತ ಪಂಪಿಂಗ್ ಸರಿಯಾಗಿದ್ದ ಮಾತ್ರಕ್ಕೆ ಹೃದಯ ವೈಫಲ್ಯ ಇಲ್ಲ ಅನ್ನೋ ಹಾಗಿಲ್ಲ. ಹೃದಯದ ಸ್ನಾಯು ಬಿಗಿಯಾಗಿ, ಸಡಿಲಗೊಳ್ಳದೆ ಬರುವ ಇನ್ನೊಂದು ಬಗೆ ಇದೆ. ಅದು ವಯಸ್ಸಾದ ಹೆಂಗಸರಲ್ಲೇ ಹೆಚ್ಚು. ನಾವು ಇದನ್ನು ನೆನಪಿಟ್ಟುಕೊಂಡಿರೋದು ಒಳ್ಳೇದು.

ಲೆಕ್ಕ ಏನು ಹೇಳುತ್ತೆ?

ಖಿನ್ನತೆಗೂ ಹೃದಯ ವೈಫಲ್ಯಕ್ಕೂ ನಂಟಿದೆ ಅನ್ನೋದು ಬರೀ ಮನೆಮಾತಲ್ಲ. ನಾರ್ವೆ ದೇಶದಲ್ಲಿ ಸುಮಾರು 63,000 ಜನರನ್ನು 11 ವರ್ಷ ಗಮನಿಸಿದ ಅಧ್ಯಯನವೊಂದರ ಫಲಿತಾಂಶ 2014ರಲ್ಲಿ ಹೊರಬಂತು. ಮಧ್ಯಮದಿಂದ ತೀವ್ರ ಮಟ್ಟದ ಖಿನ್ನತೆಯ ಲಕ್ಷಣ ಇದ್ದವರಲ್ಲಿ ಹೃದಯ ವೈಫಲ್ಯದ ಅಪಾಯ ಶೇ 40ರಷ್ಟು ಹೆಚ್ಚಿತ್ತು. ಸೌಮ್ಯ ಲಕ್ಷಣ ಇದ್ದವರಲ್ಲಿ ಹೆಚ್ಚಳ ಶೇ 5 ಮಾತ್ರ. ಅಮೆರಿಕದಲ್ಲಿ ಸುಮಾರು 28 ಲಕ್ಷ ಮಾಜಿ ಸೈನಿಕರ ದಾಖಲೆ ನೋಡಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಬಿ.ಪಿ., ಸಕ್ಕರೆ ಕಾಯಿಲೆಯಂಥ ಬೇರೆ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಖಿನ್ನತೆ ಇದ್ದವರಲ್ಲಿ ಅಪಾಯ ಶೇ 14ರಷ್ಟು ಜಾಸ್ತಿ ಕಂಡಿತು. ಅದಕ್ಕೂ ಮೊದಲು, 2004ರಲ್ಲಿ, ಭಾರತವೂ ಸೇರಿ 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನ ಹಾರ್ಟ್ ಅಟ್ಯಾಕ್‌ಗೆ ಕಾರಣವಾಗುವ ಒಂಬತ್ತು ಸಂಗತಿಗಳ ಪಟ್ಟಿ ಕೊಟ್ಟಿತ್ತು. ಬೀಡಿ-ಸಿಗರೇಟು, ಬಿ.ಪಿ., ಸಕ್ಕರೆ ಕಾಯಿಲೆಗಳ ಸಾಲಿನಲ್ಲೇ ಮನಸ್ಸಿನ ಒತ್ತಡ ಮತ್ತು ಖಿನ್ನತೆಗೂ ಜಾಗ ಇತ್ತು.

ಶೇ 40 ಅಂದಾಕ್ಷಣ ಗಾಬರಿ ಬೇಡ. ಖಿನ್ನತೆ ಇದ್ದ ನೂರರಲ್ಲಿ ನಲವತ್ತು ಜನಕ್ಕೆ ಹೃದಯ ಕೈಕೊಡುತ್ತೆ ಅಂತ ಅರ್ಥ ಅಲ್ಲ. ಉದಾಹರಣೆಗೆ, ಖಿನ್ನತೆ ಇಲ್ಲದ ನೂರು ಜನರಲ್ಲಿ ಐದು ಮಂದಿಗೆ ಬರುವುದಾದರೆ, ಇರುವ ನೂರು ಜನರಲ್ಲಿ ಏಳು ಮಂದಿಗೆ ಬರಬಹುದು, ಅಷ್ಟೇ. ಖಿನ್ನತೆಯೊಂದೇ ಕಾರಣ ಅಂತಲೂ ಇವು ಹೇಳೋದಿಲ್ಲ. ಆದರೆ ಬಿ.ಪಿ. ಇರುವ ಮನೆಯಲ್ಲಿ ನಾವು ಉಪ್ಪಿನಕಾಯಿ ಜಾಡಿ ಬಚ್ಚಿಡ್ತೀವಲ್ಲ, ಅಷ್ಟೇ ಕಾಳಜಿ ಖಿನ್ನತೆಯ ಬಗ್ಗೆಯೂ ಬೇಡವೇ?

ಮನಸ್ಸು ಹೃದಯವನ್ನು ಹೇಗೆ ಮುಟ್ಟುತ್ತೆ?

ದಾರಿ ಎರಡು. ಒಂದು ದೇಹದೊಳಗಿನದು. ಖಿನ್ನತೆ, ಆತಂಕ ಬಹಳ ಕಾಲ ಇದ್ದರೆ ಅಡ್ರಿನಲಿನ್, ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಇಳಿಯಬೇಕಾದ ಹೊತ್ತಿಗೆ ಇಳಿಯೋದಿಲ್ಲ. ನಾಡಿ ಬಡಿತ, ಬಿ.ಪಿ. ಏರಿಯೇ ಇರುತ್ತವೆ. ರಕ್ತನಾಳಗಳಲ್ಲಿ ಸಣ್ಣ ಮಟ್ಟದ ಉರಿಯೂತ ಉಳಿಯುತ್ತೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತೆ. ವರ್ಷಗಟ್ಟಲೆ ಹೀಗೇ ಆದರೆ ಹೃದಯಕ್ಕೆ ದಣಿವಾಗದೆ ಇರುತ್ತಾ?

ಇನ್ನೊಂದು ದಾರಿ ನಮ್ಮ ದಿನಚರಿಯದ್ದು. ಮನಸ್ಸು ಕುಗ್ಗಿದವರು ನಡೆಯೋದಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣೋದಿಲ್ಲ, ಗಂಡಸರಾದರೆ ಕುಡಿತ-ಸಿಗರೇಟು ಹೆಚ್ಚಾದೀತು. ಮಾತ್ರೆ ನುಂಗೋದು ಮರೆತುಹೋಗುತ್ತೆ, ಇಲ್ಲಾ ನಮ್ಮ ಅತ್ತೆಯ ಹಾಗೆ ಬೇಕಂತಲೇ ಬಿಡ್ತಾರೆ. ಹೃದಯ ವೈಫಲ್ಯದಲ್ಲಿ ಮಾತ್ರೆ ತಪ್ಪಿದರೆ ವಾರದೊಳಗೇ ಕಾಲು ಊದಬಹುದು.

ಒಮ್ಮೆಗೇ ಬೀಳುವ ಪೆಟ್ಟೂ ಉಂಟು. ಸಾವಿನ ಸುದ್ದಿಯಂಥ ಆಘಾತ ಕೇಳಿದ ಕೂಡಲೇ ಹೃದಯದ ಸ್ನಾಯು ತಾತ್ಕಾಲಿಕವಾಗಿ ಸೋತು, ಹಾರ್ಟ್ ಅಟ್ಯಾಕ್‌ನಂಥದ್ದೇ ನೋವು ಬರುತ್ತೆ. 1990ರಲ್ಲಿ ಜಪಾನಿನ ವೈದ್ಯರು ಇದನ್ನು ಗುರುತಿಸಿ ‘ಟಾಕೊಟ್ಸುಬೊ’ ಅಂತ ಹೆಸರಿಟ್ಟರು. ಆಗ ಹೃದಯ ತಾಳುವ ಆಕಾರ ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯುವ ಮಡಕೆಯ ಹಾಗಿರುತ್ತದಂತೆ. ಇದು ಬರುವವರಲ್ಲಿ ಬಹುಪಾಲು ಮುಟ್ಟು ನಿಂತ ಹೆಂಗಸರು. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ‘ಎದೆ ಒಡೆದುಹೋಯಿತು’ ಅಂತ ನಮ್ಮ ಅಜ್ಜಿಯರು ಅನ್ನುತ್ತಿದ್ದ ಮಾತು ಸುಳ್ಳಲ್ಲ ನೋಡಿ!

ಒಂದರ ಮರೆಯಲ್ಲಿ ಇನ್ನೊಂದು

ಈ ನಂಟು ಎರಡೂ ಕಡೆಯಿಂದ ಇದೆ. ಖಿನ್ನತೆ ಇದ್ದವರಿಗೆ ಹೃದಯ ವೈಫಲ್ಯದ ಅಪಾಯ ಹೆಚ್ಚು. ಹೃದಯ ವೈಫಲ್ಯ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವ ಮಟ್ಟದ ಖಿನ್ನತೆ ಇರುತ್ತದೆ. ಅಂಥವರು ಮತ್ತೆ ಮತ್ತೆ ಆಸ್ಪತ್ರೆ ಸೇರೋದೂ ಜಾಸ್ತಿ.

ಹಾಗಿದ್ದರೆ ಯಾಕೆ ಪತ್ತೆಯಾಗೋದಿಲ್ಲ? ಎರಡರ ಲಕ್ಷಣಗಳೂ ಬಹಳಷ್ಟು ಒಂದೇ ಥರ. ಸುಸ್ತು, ನಿದ್ದೆ ಬಾರದಿರುವುದು, ಹಸಿವಿಲ್ಲದಿರುವುದು, ಮಂಕು. ಮನೆಯವರು ‘ಹಾರ್ಟಿನ ಸುಸ್ತು’ ಅಂತಾರೆ. ಕೆಲವೊಮ್ಮೆ ಉಲ್ಟಾ ಕೂಡ ಆಗುತ್ತೆ. ಹೆಂಗಸು ಸುಸ್ತು, ಏದುಸಿರು ಅಂದರೆ ‘ಟೆನ್ಷನ್ ಮಾಡ್ಕೋಬೇಡಿ’ ಅಂತ ಕಳಿಸಿಬಿಡ್ತಾರೆ, ಹೃದಯ ನೋಡೋದೇ ಇಲ್ಲ. ಎರಡೂ ತಪ್ಪು. ರಕ್ತಹೀನತೆ, ಥೈರಾಯ್ಡ್ ತೊಂದರೆಯಲ್ಲೂ ಹೀಗೇ ಆಗುತ್ತೆ, ಆ ಪರೀಕ್ಷೆಗಳನ್ನೂ ಮಾಡಿಸಿ.

ವ್ಯತ್ಯಾಸ ತಿಳಿಯೋದು ಹೇಗೆ? ಏದುಸಿರು ಕಡಿಮೆಯಾದರೂ ಮುಖ ಅರಳದಿದ್ದರೆ, ಮೊಮ್ಮಗು ಬಂದರೂ ಖುಷಿ ಕಾಣದಿದ್ದರೆ, ‘ನಾನು ನಿಮಗೆಲ್ಲ ಭಾರ’ ಅಂತ ಪದೇ ಪದೇ ಅಂದರೆ ಅದು ಬರೀ ಹೃದಯದ ಸುಸ್ತಲ್ಲ. ಹಾಗೆಂದು ಮಾವ ಹೋದ ತಿಂಗಳಲ್ಲಿ ಅತ್ತರೆ ಅದು ಖಿನ್ನತೆ ಅಲ್ಲ, ದುಃಖ. ಕುಗ್ಗಿದ ಮನಸ್ಸು, ನಿರಾಸಕ್ತಿ ದಿನದ ಬಹುಪಾಲು ಹೊತ್ತು, ಎರಡು ವಾರಕ್ಕೂ ಮೀರಿ, ದಿನಗೆಲಸಕ್ಕೇ ಅಡ್ಡಿಯಾಗುವಂತೆ ಇದ್ದರೆ ಡಾಕ್ಟರ ಹತ್ತಿರ ಮಾತಾಡಲೇಬೇಕು.

ಆ ಡ್ಯೂಟಿ ಡಾಕ್ಟರು ಕೇಳಿದ ಎರಡು ಪ್ರಶ್ನೆ ಅವಳ ಸ್ವಂತದ್ದಲ್ಲ. ಪ್ರಪಂಚದಾದ್ಯಂತ ವೈದ್ಯರು ಬಳಸುವ ಪುಟ್ಟ ಪರೀಕ್ಷೆ ಅದು. ಹೃದ್ರೋಗಿಗಳಿಗೆಲ್ಲ ಈ ಪ್ರಶ್ನೆಗಳನ್ನು ಕೇಳಬೇಕು ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲೇ ಸಲಹೆ ಕೊಟ್ಟಿತ್ತು. ನಮ್ಮಲ್ಲಿ ಎಷ್ಟು ಕಡೆ ಕೇಳ್ತಾರೆ? ಹೊರರೋಗಿಗಳ ಸಾಲು ಬಾಗಿಲಾಚೆ ಬೆಳೆದಿರುವಾಗ ಡಾಕ್ಟರಿಗೂ ಪುರುಸೊತ್ತಿರೋಲ್ಲ, ಒಪ್ಪೋಣ. ಆದರೆ ಇಸಿಜಿಗೆ ಸಮಯ ಸಿಗುತ್ತೆ ಅಂದ ಮೇಲೆ ಎರಡು ಪ್ರಶ್ನೆಗೂ ಸಿಗಬೇಕು. ಅವರು ಕೇಳದಿದ್ದರೆ ನಾವೇ ಬಾಯಿಬಿಟ್ಟು ಹೇಳೋಣ.

ಚಿಕಿತ್ಸೆ ಇದೆಯೇ?

ಖಂಡಿತ ಇದೆ. ಆದರೆ ಖಿನ್ನತೆಯ ಮಾತ್ರೆಯೊಂದೇ ಎಲ್ಲವನ್ನೂ ಸರಿಮಾಡುತ್ತೆ ಅಂತ ಭಾವಿಸಬೇಡಿ. ಹೃದಯ ವೈಫಲ್ಯ ಇದ್ದವರಿಗೆ ಇಂಥ ಮಾತ್ರೆ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2010 ಮತ್ತು 2016ರಲ್ಲಿ ಬಂತು. ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಅವು ಹೆಚ್ಚಿನ ಗುಣ ಕೊಡಲಿಲ್ಲ. ಅದೇ, ಆಪ್ತಸಮಾಲೋಚನೆಯ ಒಂದು ವಿಧಾನವಾದ ಸಿ.ಬಿ.ಟಿ.ಯಿಂದ ಹೃದಯ ವೈಫಲ್ಯದವರ ಖಿನ್ನತೆ ತಗ್ಗಿದ್ದು 2015ರ ಅಧ್ಯಯನದಲ್ಲಿ ಕಂಡಿತು. ‘ಎಲ್ಲ ಮುಗಿದುಹೋಯ್ತು’ ಎಂಬಂಥ ಯೋಚನೆಗಳನ್ನು ಗುರುತಿಸಿ, ಸಣ್ಣ ಸಣ್ಣ ಕೆಲಸಗಳಿಂದ ದಿನವನ್ನು ಮತ್ತೆ ಕಟ್ಟಿಕೊಳ್ಳುವುದನ್ನು ಕಲಿಸುವ ವಿಧಾನ ಇದು. ವೈದ್ಯರ ನಿಗಾದಲ್ಲಿ ಮಾಡುವ ಹಗುರ ವ್ಯಾಯಾಮದಿಂದಲೂ ಮನಸ್ಸು ಸ್ವಲ್ಪ ಚೇತರಿಸಿಕೊಳ್ಳುತ್ತೆ ಅಂತ 2,300ಕ್ಕೂ ಹೆಚ್ಚು ರೋಗಿಗಳ ಮೇಲಿನ ಅಧ್ಯಯನ 2012ರಲ್ಲಿ ತೋರಿಸಿತು.

ಹಾಗಂತ ಈಗಾಗಲೇ ಖಿನ್ನತೆಯ ಮಾತ್ರೆ ತೆಗೆದುಕೊಳ್ತಿರೋರು ಇದನ್ನೋದಿ ನಿಲ್ಲಿಸಬೇಡಿ! ಯಾರಿಗೆ ಯಾವುದು ಬೇಕು ಅನ್ನೋದು ಮನೋವೈದ್ಯರು ನಿರ್ಧರಿಸುವ ವಿಷಯ. ಹಳೆಯ ಕಾಲದ ಕೆಲವು ಖಿನ್ನತೆಯ ಮಾತ್ರೆಗಳು ಹೃದಯದ ಬಡಿತದಲ್ಲಿ ಏರುಪೇರು ಮಾಡುತ್ತವೆ. ಹಾಗಾಗಿ ಮನೋವೈದ್ಯರಿಗೆ ಹೃದಯದ ಚೀಟಿ, ಹೃದ್ರೋಗ ತಜ್ಞರಿಗೆ ಮನೋವೈದ್ಯರ ಚೀಟಿ ತೋರಿಸುವುದನ್ನು ಮರೆಯಬೇಡಿ.

ಮನೆಯಲ್ಲಿ ನಾವೇನು ಮಾಡಬಹುದು?

* ವಾರಕ್ಕೊಮ್ಮೆಯಾದರೂ ಆ ಎರಡು ಪ್ರಶ್ನೆ ಕೇಳಿ. ಅಡುಗೆ ಮನೆಯಿಂದ ಕೂಗಿ ಕೇಳೋದಲ್ಲ, ಪಕ್ಕದಲ್ಲಿ ಕೂತು ಕೇಳಿ. ಉತ್ತರ ಬರೋವರೆಗೂ ಸುಮ್ಮನಿರಿ.

* ‘ಧೈರ್ಯ ತಂದ್ಕೊಳ್ಳಿ’, ‘ನಿಮಗೇನು ಕಡಿಮೆ ಆಗಿದೆ’ ಅನ್ನಬೇಡಿ. ಜ್ವರ ಬಂದವರಿಗೆ ಧೈರ್ಯ ತಂದುಕೋ ಅಂದರೆ ಜ್ವರ ಇಳಿಯುತ್ತಾ?

* ಹೃದಯ ವೈಫಲ್ಯ ಇದ್ದವರ ತೂಕವನ್ನು ದಿನಾ ಬೆಳಿಗ್ಗೆ, ಶೌಚದ ನಂತರ, ತಿಂಡಿಗೆ ಮೊದಲು ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ನೀರು ತುಂಬುತ್ತಿದೆ ಅಂತ ಅರ್ಥ, ಡಾಕ್ಟರಿಗೆ ಫೋನ್ ಮಾಡಿ. ಅದೇ ಪುಸ್ತಕದಲ್ಲಿ ಮನಸ್ಸು ಹೇಗಿತ್ತು ಅಂತ ಒಂದು ಸಾಲು ಬರೆಯಿರಿ.

* ಮಾತ್ರೆ ತಪ್ಪಿದರೆ ಬೈಯುವ ಮೊದಲು ಯಾಕೆ ಅಂತ ಕೇಳಿ. ಪದೇ ಪದೇ ಮೂತ್ರಕ್ಕೆ ಹೋಗಬೇಕಲ್ಲ ಅಂತ ನೀರಿನ ಮಾತ್ರೆ ಬಿಡೋರೂ ಇದ್ದಾರೆ, ಬದುಕೇ ಬೇಡ ಅಂತ ಬಿಡೋರೂ ಇದ್ದಾರೆ.

* ಕೆಲಸವನ್ನೆಲ್ಲ ಕಿತ್ತುಕೊಂಡು ‘ನೀವು ಆರಾಮಾಗಿ ಕೂತ್ಕೊಳ್ಳಿ’ ಅನ್ನಬೇಡಿ. ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು, ಡಾಕ್ಟರು ಒಪ್ಪಿದರೆ ದೇವಸ್ಥಾನದವರೆಗೆ ನಡಿಗೆ... ‘ನಾನೂ ಬೇಕಾದವಳು’ ಅನ್ನಿಸಬೇಕು.

* ‘ಸತ್ತರೆ ಸಾಕು’ ಅನ್ನೋ ಮಾತನ್ನು ಹಗುರವಾಗಿ ತಗೋಬೇಡಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ದೇ ಮುಂದಾಳತ್ವ. ಜಿಲ್ಲಾಸ್ಪತ್ರೆಗಳಲ್ಲೂ ಮಾನಸಿಕ ಆರೋಗ್ಯದ ವಿಭಾಗ ಇರುತ್ತದೆ.

ನಿಮ್ಮನ್ನೂ ಕೇಳಿಕೊಳ್ಳಿ

ಇಷ್ಟು ಹೊತ್ತು ಅತ್ತೆ, ಅಮ್ಮ, ಮಾವ ಅಂತ ಓದುತ್ತಿದ್ದ ನೀವು ಒಂದು ನಿಮಿಷ ನಿಮ್ಮ ಬಗ್ಗೆ ಯೋಚಿಸಿ. ಕಾಯಿಲೆಯವರನ್ನು ನೋಡಿಕೊಳ್ಳುವ ಕೆಲಸ ಹೆಚ್ಚಾಗಿ ಮನೆಯ ಹೆಣ್ಣುಮಗಳ ಪಾಲಿಗೇ ಬರುತ್ತೆ. ನಿದ್ದೆಗೆಟ್ಟು, ಊಟ ಹೊತ್ತುಮೀರಿ, ಸಿಡಿಮಿಡಿ ಮಾಡಿ, ಆಮೇಲೆ ‘ಛೇ, ಹಾಗೆ ಅನ್ನಬಾರದಿತ್ತು’ ಅಂತ ಕೊರಗೋದೂ ನಾವೇ. ವಾರ್ಡಿನಲ್ಲಿ ಅವತ್ತು ನಾನು ಕೂಗಾಡಿದ್ದು ಅತ್ತೆಯ ಮೇಲಿನ ದ್ವೇಷಕ್ಕಲ್ಲ, ನಾನೂ ಸೋತಿದ್ದೆ. ವಾರಕ್ಕೆ ಒಂದು ದಿನ ಮಾತ್ರೆ ಕೊಡುವ, ಜೊತೆಗೆ ಕೂರುವ ಪಾಳಿ ಮನೆಯ ಗಂಡಸರದ್ದಾಗಲಿ. ಆ ಎರಡು ಪ್ರಶ್ನೆಗೆ ನಿಮ್ಮ ಉತ್ತರವೂ ‘ಹೌದು’ ಅಂತಾದರೆ ಮುಚ್ಚಿಡಬೇಡಿ. ನಿಮಗೂ ಒಂದೇ ಹೃದಯ ಇರೋದು.

ಅಂದ ಹಾಗೆ, ನಮ್ಮ ಅತ್ತೆ ಈಗ ಹೇಗಿದ್ದಾರೆ ಅಂತ ಕೇಳ್ತೀರಾ? ಪವಾಡವೇನೂ ನಡೆದಿಲ್ಲ. ಕೆಲವು ತಿಂಗಳು ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋದೆವು. ಹೃದಯದ ಮಾತ್ರೆ ತಪ್ಪದೆ ನುಂಗುತ್ತಿದ್ದಾರೆ, ಎಕೋದ ಅಂಕಿ ಸ್ವಲ್ಪ ಮೇಲೆ ಬಂದಿದೆ. ಕೆಲವು ದಿನ ಇವತ್ತಿಗೂ ಮೌನವಾಗಿ ಕೂತಿರ್ತಾರೆ, ಆಗ ನಾನು ಪಕ್ಕದಲ್ಲಿ ಕೂತು ಕೇಳ್ತೀನಿ. ಮೊನ್ನೆ ಊಟಕ್ಕೆ ಕೂತವರು ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿ, ‘ಇದೇನೇ ಸಾರು, ಉಪ್ಪಿಲ್ಲ, ಖಾರ ಇಲ್ಲ!’ ಅಂತ ಗದರಿಸಿದರು. ಎಷ್ಟು ತಿಂಗಳಾಗಿತ್ತು ಅವರು ನನ್ನ ಅಡುಗೆಗೆ ಹೆಸರಿಟ್ಟು! ಉಪ್ಪು ಹಾಕಲಿಲ್ಲ ಬಿಡಿ, ನಿಂಬೆಹಣ್ಣು ಹಿಂಡಿ ಕೊಟ್ಟೆ. ಗೊಣಗಿಕೊಂಡೇ ಇನ್ನೊಂದು ಸೌಟು ಬಡಿಸಿಕೊಂಡರು.

ಇವತ್ತು ಮಾತ್ರೆ ಕೊಡುವಾಗ ನೀವೂ ಐದು ನಿಮಿಷ ಕೂತು ಬನ್ನಿ. ‘ಹೇಗಿದ್ದೀರಾ?’ ಅಂತ ಕೇಳಿ. ‘ಚೆನ್ನಾಗಿದ್ದೀನಿ’ ಅಂದರೆ ಎದ್ದು ಬರಬೇಡಿ, ಇನ್ನೊಮ್ಮೆ ಕೇಳಿ.